ಅವ್ವನ ಬೀಸೋ ಪದ ಸ್ವಿಟ್ಜರ್ಲೆಂಡಿಗೆ ಹೋದದ್ದು

ಕೋಗಿಲು

ಸಿಟ್ಟು ಮಾಡಿಕೊಳ್ಳುವುದಕ್ಕೆ ನಾನು ಸ್ವಿಟ್ಜರ್ಲೆಂಡಿನವರೆಗೆ ಹೋಗಬೇಕಾಗಿರಲಿಲ್ಲ. ಕೋಗಿಲಿನಲ್ಲಿ ಕೂತ ಜಾಗದಲ್ಲೇ ಬೇಕಾದಷ್ಟು ಬರುತ್ತಿತ್ತು. ಯಲಹಂಕದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರಮ್ಮ ನಾನು. ಮಕ್ಕಳು ಬೆನ್ನ ಹಿಂದೆ ಮೆಣಸಿನಕಾಯಿ ಮೇಡಂ ಅನ್ನುತ್ತಾರೆ, ಅದು ನನಗೆ ಗೊತ್ತಿದೆ ಅನ್ನುವುದು ಅವರಿಗೂ ಗೊತ್ತಿದೆ. ಆದರೆ 2014ರ ಬೇಸಿಗೆ ರಜೆಯಲ್ಲಿ ಆ ದೇಶಕ್ಕೆ ಹೊತ್ತುಕೊಂಡು ಹೋದ ಸಿಟ್ಟು ಬೇರೆಯದು. ಅದಕ್ಕೆ ಕಾರಣ ನಮ್ಮಣ್ಣ ಮುನಿರಾಜು.

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಎರಡು ಕಾಯಿಲೆ ಶುರುವಾದವು. ಒಂದು, ಜಮೀನು ಮಾರುವುದು. ಇನ್ನೊಂದು, ಮಾರಿದ ಮೇಲೆ ಹಳ್ಳಿಯನ್ನು ನೆನೆಸಿಕೊಂಡು ಕಣ್ಣೀರು ಹಾಕುವುದು. ಅಣ್ಣನಿಗೆ ಎರಡೂ ಜೋರಾಗಿಯೇ ತಗುಲಿದ್ದವು. ರಾಗಿ ಹೊಲ ಮಾರಿ ಮೂರಂತಸ್ತಿನ ಮನೆ ಕಟ್ಟಿ, ಅದರ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, "ಏನೇ ಹೇಳು ಸರೋಜಾ, ಆಗಿನ ಕಾಲಾನೇ ಕಾಲ ಕಣೇ" ಅನ್ನುತ್ತಿದ್ದ. ಹುಣಸಮಾರನಹಳ್ಳಿ ಹತ್ತಿರ ಏರ್‌ಪೋರ್ಟ್ ರಸ್ತೆಗೆ ತಾಗಿದ ಒಂದು ತುಂಡು ಜಾಗ ಮಾತ್ರ ಉಳಿದಿತ್ತು. ಅಲ್ಲಿ ಹಳೇ ಕಾಲದ ಹಳ್ಳಿ ಕಟ್ಟುತ್ತೇನೆ ಅಂತ ಹೊರಟ. ಹುಲ್ಲಿನ ಚಾವಣಿ, ಸಗಣಿ ಸಾರಿಸಿದ ನೆಲ, ಸೇದುವ ಬಾವಿ, ಮುದ್ದೆ, ಬಸ್ಸಾರು, ಎತ್ತಿನ ಗಾಡಿ ಸವಾರಿ. ನಡುವೆ, ಜಗಲಿಯ ಮೇಲೆ, ನಮ್ಮವ್ವ. ಭಾನುವಾರ ಭಾನುವಾರ ಅವಳು ಕೆಂಪು ಸೀರೆ ಉಟ್ಟು ರಾಗಿ ಕಲ್ಲಿನ ಮುಂದೆ ಕೂತು, ಬೀಸುತ್ತಾ ಪದ ಹೇಳಬೇಕು. ಬಂದವರು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬೇಕು.

ಅವ್ವನಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಅವಳ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ನನ್ನ ಜೊತೆಗೇ ಇರುವುದರಿಂದ ದಿನಾ ಬೆಳಗ್ಗೆ ಅವಳ ತಲೆ ಬಾಚಿ ತುರುಬು ಕಟ್ಟುವವಳು ನಾನು. ಆ ಭುಜವನ್ನು ಹಾಗೆ ಮಾಡಿದ್ದು ರಾಗಿ ಕಲ್ಲು. ಅದೇ ಕಲ್ಲಿನ ಮುಂದೆ ಅವಳನ್ನು ಇನ್ನೊಮ್ಮೆ ಕೂರಿಸುತ್ತೇನೆ ಅಂತ ಹೆತ್ತ ಮಗ ಹೇಳುತ್ತಿದ್ದರೆ ನನಗೆ ಮೈ ಉರಿಯದೆ ಇನ್ನೇನಾದೀತು?

"ಅವ್ವ ಬೀಸ್ಬೇಕಾಗಿಲ್ಲ ಕಣೇ. ಸುಮ್ನೆ ಗೂಟ ಹಿಡ್ಕೊಂಡು ತಿರುಗ್ಸಿದ್ರಾಯ್ತು. ಪದ ಮುಖ್ಯ. ನಾನು ಆ ಪದ ಕೇಳ್ಕೊಂಡೇ ಕಣ್ಣು ಬಿಡ್ತಿದ್ದೆ, ಗೊತ್ತಾ?" ಅಂದ ಅಣ್ಣ. ಹೇಳುವಾಗ ಅವನ ಗಂಟಲು ನಿಜವಾಗಿಯೂ ಕಟ್ಟಿತ್ತು. ಅದೇ ನನ್ನನ್ನು ಇನ್ನಷ್ಟು ಕೆರಳಿಸಿದ್ದು. ನಾಟಕವಾಗಿದ್ದರೆ ಬೈದು ಬಿಸಾಡಬಹುದಿತ್ತು.

ಅವ್ವ ಮಾತ್ರ "ನೋಡಾನ" ಅಂದಳು. ನಮ್ಮವ್ವನ "ನೋಡಾನ" ಅಂದರೆ ಹೂಂ ಅಲ್ಲ, ಊಹೂಂ ಅಲ್ಲ. ಅವಳನ್ನು ಹೂಂ ಅನ್ನಿಸಲೆಂದೇ ಅಣ್ಣ ಈ ಪ್ರವಾಸ ಕಟ್ಟಿದ್ದ. ಫಾರಿನ್ನಿನವರು ತಮ್ಮ ಹಳೇ ಹಳ್ಳಿಗಳನ್ನು ಹೇಗೆ ಕಾಪಾಡಿಕೊಂಡಿದ್ದಾರೆ, ಅಲ್ಲಿ ದೊಡ್ಡವರು ಎಷ್ಟು ಹೆಮ್ಮೆಯಿಂದ ನೂಲುತ್ತಾರೆ, ಬೀಸುತ್ತಾರೆ ಅಂತ ಅವ್ವ ಕಣ್ಣಾರೆ ನೋಡಬೇಕಂತೆ. ಅವನು ಹೂಂ ಅನ್ನಿಸಲು ಹೋದ, ನಾನು ಊಹೂಂ ಅನ್ನಿಸಲು ಹೋದೆ. ಅತ್ತಿಗೆ ಹಿಮದಲ್ಲಿ ಫೋಟೋ ತೆಗೆಸಿಕೊಳ್ಳಲು ಬಂದರು. ನಮ್ಮ ನಾಲ್ವರಲ್ಲಿ ನಿಜವಾದ ಪ್ರವಾಸಿ ಅಂದರೆ ಅತ್ತಿಗೆ ಒಬ್ಬರೇ.

ಜೂರಿಕ್

ಪರದೇಶಕ್ಕೆ ಹೋಗುವುದು ನಮಗೆ ಯಶವಂತಪುರಕ್ಕೆ ಹೋಗುವುದಕ್ಕಿಂತ ಸುಲಭ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಅರ್ಧ ಜನ್ಮ ಕಳೆಯಬೇಕಾಗಿಲ್ಲ, ಮನೆಯಿಂದ ಹೊರಟರೆ ಅರ್ಧ ಗಂಟೆಯಲ್ಲಿ ವಿಮಾನ ನಿಲ್ದಾಣ. ಕಷ್ಟವೆಲ್ಲ ಇಳಿದ ಮೇಲೆ.

ಜೂರಿಕ್ಕಿನಲ್ಲಿ ಇಳಿದ ಮೊದಲ ದಿನವೇ ಅವ್ವ ರಸ್ತೆ ದಾಟಲು ಕಾಲಿಟ್ಟಳು. ಬರುತ್ತಿದ್ದ ಕಾರು ನಿಂತಿತು. ಅದರ ಹಿಂದಿನ ಬಸ್ಸೂ ನಿಂತಿತು. ಕಾರಿನವನು ಕೈ ಆಡಿಸಿ, ಹೋಗಿ ತಾಯಿ ಅನ್ನುವಂತೆ ನಕ್ಕ. ಅವ್ವ ನಡುರಸ್ತೆಯಲ್ಲೇ ನಿಂತು ಅವನ ಮುಖವನ್ನು ದಿಟ್ಟಿಸಿ ನೋಡಿದಳು.

"ಯಾರೇ ಅವ್ನು? ನಮ್ ಕಡೆಯೋನಾ?"

"ಅಲ್ಲ ಕಣವ್ವ. ಇಲ್ಲಿ ಎಲ್ಲಾರ್ಗೂ ನಿಲ್ಲಿಸ್ತಾರೆ."

"ಹೆಂಗಸ್ರಿಗೂ?" ಅಂದಳು ಅವ್ವ. ನಾನು ಹೂಂ ಅಂದ ಮೇಲೂ ನಂಬಿಕೆ ಬರಲಿಲ್ಲ. ಆ ಕಡೆ ದಾಟಿ, ಮತ್ತೆ ಈ ಕಡೆ ದಾಟಿ ಪರೀಕ್ಷೆ ಮಾಡಿದಳು. ಎರಡು ಸಲವೂ ವಾಹನಗಳು ನಿಂತವು. ಮೂರನೇ ಸಲ ದಾಟುವಷ್ಟರಲ್ಲಿ ಅಣ್ಣ ಬಂದು ಕೈ ಹಿಡಿದು ಎಳೆದುಕೊಂಡು ಹೋದ.

ಅಣ್ಣನ ಗ್ರಹಚಾರ ರೈಲಿನಲ್ಲಿ ಕಾದಿತ್ತು. ಹುಣಸಮಾರನಹಳ್ಳಿಯ ಮೇಸ್ತ್ರಿಗೆ ಫೋನು ಮಾಡಿ, ಹುಲ್ಲಿನ ಚಾವಣಿ ಸೋರಬಾರದು, ಕೆಳಗೆ ಶೀಟು ಹಾಕು, ಆದರೆ ಶೀಟು ಕಾಣಬಾರದು ಅಂತ ಊರಿಗೆ ನೇರವಾಗಿ ಕೇಳಿಸುವ ಹಾಗೆ ಕೂಗಿ ಹೇಳುತ್ತಿದ್ದ. ಎದುರು ಸೀಟಿನ ಮುದುಕಿಯೊಬ್ಬಳು ಓದುತ್ತಿದ್ದ ಪುಸ್ತಕ ಮಡಚಿ, ತುಟಿಯ ಮೇಲೆ ಬೆರಳಿಟ್ಟು, ನನ್ನ ಕ್ಲಾಸಿನಲ್ಲಿ ನಾನು ಮಾಡುವ ಹಾಗೇ "ಶ್" ಅಂದಳು. ಅಣ್ಣ ಥಟ್ಟನೆ ಫೋನು ಕಟ್ ಮಾಡಿದ. ಊರಲ್ಲಿ ಯಾವ ಹೆಂಗಸಿಗೂ ಬಗ್ಗದವನು ಅಲ್ಲಿ ಬಗ್ಗಿದ್ದನ್ನು ನೋಡಿ ನನಗೆ ಟಿಕೆಟ್ಟಿನ ದುಡ್ಡು ಅಲ್ಲಿಗೇ ಬಂತು ಅನ್ನಿಸಿತು.

ಇಂಟರ್‌ಲಾಕನ್, ಭಾನುವಾರ

ನಮ್ಮನ್ನು ಇಳಿಸಿದ್ದು ಒಂದು ವಸತಿಗೃಹದಲ್ಲಿ. ಕೆಳಗಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಬಟ್ಟೆ ಒಗೆಯುವ ಮಿಷನ್ನು ಇತ್ತು. ಭಾನುವಾರ ಬೆಳಗ್ಗೆ ಅಣ್ಣನ ಅಂಗಿ, ಪಂಚೆ ಎಲ್ಲ ಹೊತ್ತುಕೊಂಡು ಅತ್ತಿಗೆ, ನಾನು, ಅವ್ವ ಇಳಿದೆವು. ಇನ್ನೂ ಮಿಷನ್ನಿನ ಬಾಗಿಲು ತೆಗೆದಿರಲಿಲ್ಲ, ಮನೆ ನೋಡಿಕೊಳ್ಳುವ ಹೆಂಗಸು ಮೆಟ್ಟಿಲ ಮೇಲಿಂದ ಓಡೋಡಿ ಬಂದಳು. ಬೆರಳು ಅಲ್ಲಾಡಿಸುತ್ತಾ, "ಭಾನುವಾರ ಇಲ್ಲ! ಭಾನುವಾರ ಇಲ್ಲ!" ಅಂದಳು. ಭಾನುವಾರ ಬಟ್ಟೆ ಒಗೆಯುವಂತಿಲ್ಲ, ಅದು ಈ ಮನೆಯ ನಿಯಮ, ಪಕ್ಕದ ಮನೆಗಳಲ್ಲೂ ಹಾಗೇ, ಅದು ವಿಶ್ರಾಂತಿಯ ದಿನ ಅಂತ ವಿವರಿಸಿದಳು. ಅವಳ ಇಂಗ್ಲಿಷನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಒಗ್ಯಂಗೇ ಇಲ್ವಾ? ಒಗುದ್ರೆ ಬೈತಾರಾ?"

"ಹೂಂ, ಬೈತಾರೆ."

"ಯಾವ ಪುಣ್ಯಾತ್ಗಿತ್ತಿ ಮಾಡಿದ್ಲೋ ಈ ಕಾನೂನ. ಅವಳ ಒಟ್ಟೆ ತಣ್ಣಗಿರ್ಲಿ," ಅಂದು ಆ ಹೆಂಗಸಿಗೆ ಕೈ ಮುಗಿದಳು. ಬೈಯಲು ಬಂದವಳಿಗೆ ಏನು ಮಾಡಬೇಕೆಂದು ತಿಳಿಯದೆ ಅವಳೂ ಕೈ ಮುಗಿದಳು.

ಮೇಲೆ ಅಣ್ಣನಿಗೆ ನಾಳೆ ಹಾಕಲು ಅಂಗಿ ಇಲ್ಲ ಅನ್ನುವ ಸಂಕಟ. "ಇದೆಂಥಾ ದೇಶಾನಪ್ಪ" ಅಂತ ಗೊಣಗಿದ. ಭಾನುವಾರ ಹೆಂಗಸರು ಕೆಲಸ ಮಾಡುವಂತಿಲ್ಲವಂತೆ ಕಣೋ, ನಿನ್ನ ಹಳ್ಳಿಗೆ ಈ ಊರಿನಿಂದ ಅದನ್ನೂ ಕಲಿತುಕೊಂಡು ಹೋಗು ಅಂದೆ. ಅವನು ಕೇಳಿಸಿಕೊಳ್ಳದ ಹಾಗೆ ಮಾಡಿದ.

ಬಸ್ಸಿನಲ್ಲಿ

ಮಾರನೇ ದಿನ ಆ ಹಳೇ ಹಳ್ಳಿ ನೋಡಲು ಬಸ್ಸು ಹೊರಟಿತು. ಬೆಂಗಳೂರಿನಿಂದ ಜೊತೆಗೆ ಬಂದಿದ್ದ ನಮ್ಮ ಟೂರಿನ ಗುಂಪಿನಲ್ಲಿ ಆರ್.ಟಿ. ನಗರದವರು, ಹೆಬ್ಬಾಳದವರು, ಸಹಕಾರನಗರದವರು ಎಲ್ಲ ಇದ್ದರು. ಕಿಟಕಿಯ ಹೊರಗೆ ಆಲ್ಪ್ಸ್ ಪರ್ವತಗಳು ಹೋಗುತ್ತಿವೆ, ಒಳಗೆ ಇವರು ಯಲಹಂಕದ ಕೆರೆಯನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದಾರೆ. ಆಗ ಹೆಬ್ಬಾಳದ ಕೆರೆ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದರಂತೆ. ಆಗ ಯಾರೂ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲವಂತೆ. ಕದಿಯಲು ಮನೆಯೊಳಗೆ ಏನಿತ್ತು ಅಂತ ಒಬ್ಬರೂ ಹೇಳಲಿಲ್ಲ. ಆಗ ಕಾಯಿಲೆಯೇ ಇರಲಿಲ್ಲ, ನಮ್ಮಮ್ಮ ಹತ್ತು ಹೆತ್ತರೂ ಗಟ್ಟಿಯಾಗಿದ್ದಳು ಅಂದರು ಒಬ್ಬ ರಿಟೈರ್ಡ್ ಮಹನೀಯರು.

"ಹತ್ತರಲ್ಲಿ ಎಷ್ಟು ಮಕ್ಕಳು ಉಳಿದ್ವು ಸರ್?" ಅಂತ ಕೇಳಿದೆ.

ಅವರು ಕಿಟಕಿಯ ಕಡೆ ತಿರುಗಿದರು. ಅತ್ತಿಗೆ ನನ್ನ ಮೊಣಕೈ ಜಿಗುಟಿದರು.

ನಮ್ಮ ಹಿಂದಿನ ಸೀಟಿನಲ್ಲಿ ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ಇಕ್ಬಾಲ್ ಸಾಹೇಬರು ಇದ್ದರು. ಹೆಂಡತಿಯ ಜೊತೆ ದಖನಿ ಉರ್ದು, ನಮ್ಮ ಜೊತೆ ಚೊಕ್ಕ ಬೆಂಗಳೂರು ಕನ್ನಡ. ಅವರನ್ನೂ ಅಣ್ಣ ಬಿಡಲಿಲ್ಲ. "ಏನ್ ಸಾಹೇಬ್ರೇ, ನೀವೂ ಹಳಬರು. ಆಗಿನ ಕಾಲ ಹೆಂಗಿತ್ತು ಹೇಳಿ ಸ್ವಲ್ಪ."

"ಆಗಿನ ಕಾಲಾನಾ? ನಂಗೆ ಅದನ್ನ ನೆನೆಸ್ಕೊಂಡ್ರೆ ಬೆನ್ನು ನೋಯತ್ತೆ ಕಣ್ರೀ," ಅಂದರು ಸಾಹೇಬರು. "ನಾನು ಮೂಟೆ ಹೊತ್ತು ಮೇಲೆ ಬಂದೋನು. ಇವತ್ತು ಮೂಟೆ ಹೊರೋ ಜನ ಇಟ್ಟಿದೀನಿ. ಈಗಿನ ಕಾಲ ಫಸ್ಟ್ ಕ್ಲಾಸ್." ಅವರ ಹೆಂಡತಿ ಬುರ್ಖಾದೊಳಗೇ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆಮೇಲೆ ಇಡೀ ಪ್ರವಾಸದಲ್ಲಿ ನಾನು ಅವರಿಬ್ಬರ ಪಕ್ಕದ ಸೀಟು ಬಿಟ್ಟುಕೊಡಲಿಲ್ಲ.

ಬೆಟ್ಟದ ಮೇಲಿನ ಹಳೇ ಹಳ್ಳಿ

ಅದೊಂದು ಬಯಲು ಮ್ಯೂಸಿಯಂ. ದೇಶದ ಬೇರೆ ಬೇರೆ ಕಡೆಯ ಹಳೇ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಕಿಟಕಿಗಳಲ್ಲಿ ಕೆಂಪು ಹೂವು, ಅಂಗಳದಲ್ಲಿ ದುಂಡಗಿನ ಕೋಳಿ, ಮಜ್ಜನ ಮಾಡಿಸಿದಂಥ ಹಸು. ಎಲ್ಲ ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೆ ಅನುಮಾನ ಬಂತು. ನೊಣ ಇರಲಿಲ್ಲ, ಕೆಸರು ಇರಲಿಲ್ಲ, ಜಗಳ ಇರಲಿಲ್ಲ. ಅಣ್ಣ ಹೆಜ್ಜೆ ಹೆಜ್ಜೆಗೂ "ನೋಡಿದ್ಯಾ? ನೋಡಿದ್ಯಾ?" ಅನ್ನುತ್ತಾ ವೀಡಿಯೊ ಹಿಡಿಯುತ್ತಿದ್ದ. ಅವ್ವ ಸುಮ್ಮನೆ ನಡೆಯುತ್ತಿದ್ದಳು. ಒಂದು ಮನೆಯ ಅಡುಗೆ ಕೋಣೆಗೆ ಹೋದಾಗ ಮಾತ್ರ ತಲೆ ಎತ್ತಿ ಚಾವಣಿ ನೋಡಿದಳು. ಚಿಮಣಿ ಇಲ್ಲದ ಮನೆ, ತೊಲೆಗಳೆಲ್ಲ ಹೊಗೆ ಹಿಡಿದು ಕಪ್ಪಗೆ ಮಿಂಚುತ್ತಿದ್ದವು.

"ಇಷ್ಟು ಮಾತ್ರ ದಿಟ," ಅಂದಳು ಅವ್ವ. "ಮಿಕ್ಕಿದ್ದೆಲ್ಲ ಬಣ್ಣ."

ಮುಂದಿನ ಮನೆಯ ಪಕ್ಕದಲ್ಲಿ ಒಂದು ಕೊಟ್ಟಿಗೆ. ಹಳೇ ಕಾಲದ ಉದ್ದ ಲಂಗ, ತಲೆಗೆ ಬಿಳಿ ಬಟ್ಟೆ ಕಟ್ಟಿದ ಉರ್ಸುಲಾ ಅನ್ನುವ ಹೆಂಗಸು ಅಲ್ಲಿ ಬೀಸುವ ಕಲ್ಲು ತಿರುಗಿಸಿ ಗೋಧಿ ಬೀಸಿ ತೋರಿಸುತ್ತಿದ್ದಳು. ಕಲ್ಲು ಥೇಟ್ ನಮ್ಮ ರಾಗಿ ಕಲ್ಲಿನ ಹಾಗೇ, ಮೇಲೆ ಗೂಟವೂ ಇತ್ತು. ಒಂದೇ ವ್ಯತ್ಯಾಸ, ಅದನ್ನು ಸೊಂಟದ ಎತ್ತರದ ಮರದ ಪೀಠದ ಮೇಲೆ ಕೂರಿಸಿದ್ದರು.

"ನಿಂತ್ಕಂಡು ಬೀಸೋದಾ?" ಅವ್ವ ಹತ್ತಿರ ಹೋಗಿ ಪೀಠವನ್ನು ಸವರಿದಳು. "ಯಾರೋ ಸೊಸೆ ಮ್ಯಾಲೆ ಕನಿಕರ ಇರೋರು ಮಾಡ್ಸವ್ರೆ."

ಇವಳು ದಿನಾ ಬೀಸುತ್ತಾಳಾ ಅಂತ ಕೇಳು ಅಂದಳು. ಕೇಳಿದೆ. ವಾರಕ್ಕೆ ಮೂರು ದಿನ, ಐದು ಗಂಟೆಗೆ ಮನೆಗೆ ಹೋಗುತ್ತೇನೆ ಅಂದಳು ಉರ್ಸುಲಾ. ಮನೆಗೆ ಹಿಟ್ಟು ಎಲ್ಲಿಂದ ಅಂತ ಕೇಳು ಅಂದಳು ಅವ್ವ. ಅಂಗಡಿಯಿಂದ, ಅಂತ ಉರ್ಸುಲಾ ನಕ್ಕಳು. ಅವ್ವನಿಗೂ ನಗು ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಇನ್ನಷ್ಟು ನಕ್ಕರು. ನನ್ನ ಭಾಷಾಂತರ ಅಲ್ಲಿಗೆ ಬೇಕಾಗಲಿಲ್ಲ.

ಉರ್ಸುಲಾ ಗೂಟವನ್ನು ಅವ್ವನ ಕಡೆ ತಿರುಗಿಸಿ, ನೀವೂ ಒಂದು ಕೈ ನೋಡಿ ಅಂದಳು. ಅಣ್ಣ ಕಾಯುತ್ತಿದ್ದುದು ಇದಕ್ಕೇ. ಫೋನು ಎತ್ತಿ ಹಿಡಿದು, "ಅವ್ವಾ, ಪದ ಹೇಳವ್ವ! ಒಂದೇ ಒಂದು ಪದ!" ಅಂದ. ನಾನು ಬೇಡ ಅನ್ನುವಷ್ಟರಲ್ಲಿ ಅವಳ ಎಡಗೈ ಕಾಳಿನ ಕಡೆ, ಬಲಗೈ ಗೂಟದ ಕಡೆ ಹೋಗಿತ್ತು. ಕಲ್ಲು ತಿರುಗಿದ್ದೇ ತಡ, ಪದ ತಾನಾಗಿ ಹೊರಟಿತು. ನಾನು ನಲವತ್ತು ವರ್ಷದಿಂದ ಕೇಳಿರಲಿಲ್ಲ. ದನಿ ಒಡೆದಿತ್ತು, ಆದರೆ ಎಳೆ ತಪ್ಪಲಿಲ್ಲ. ಜನ ಸೇರಿದರು. ಒಂದು ಜಪಾನೀ ಗುಂಪು, ಒಂದಷ್ಟು ಸ್ಥಳೀಯ ಮುದುಕರು, ನಮ್ಮ ಬಸ್ಸಿನವರು. ಅಣ್ಣನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲೂ ಇಲ್ಲ.

ಕೈಯಲ್ಲಿದ್ದ ಕಾಳು ಮುಗಿಯಿತು. ಭುಜ ನೋಯಿತೋ ಏನೋ, ಕಲ್ಲು ನಿಂತಿತು, ಪದವೂ ಸಾಲಿನ ಮಧ್ಯದಲ್ಲೇ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಆದರೆ ಚಪ್ಪಾಳೆಗೆ ಮುಂಚೆ, ಪದ ನಿಂತ ಗಳಿಗೆಯಲ್ಲೇ, ಅವ್ವ ಕುತ್ತಿಗೆ ಕುಗ್ಗಿಸಿ ಸರಕ್ಕನೆ ಬಾಗಿಲ ಕಡೆ ತಿರುಗಿ ನೋಡಿದ್ದಳು. ಹೊಡೆತ ಬೀಳುತ್ತದೆ ಅಂತ ಗೊತ್ತಿರುವ ಮಕ್ಕಳು ಹಾಗೆ ನೋಡುತ್ತಾರೆ. ಅಂಥ ನೋಟವನ್ನು ನಾನು ನನ್ನ ಕ್ಲಾಸಿನಲ್ಲಿ ಕಂಡಿದ್ದೇನೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಕೇಳಿದೆ. "ಯಾಕವ್ವ ಬಾಗ್ಲು ಕಡೆ ನೋಡ್ದೆ?"

"ನೋಡಿದ್ನಾ?" ಅಂದಳು ಅವ್ವ. ಅವಳಿಗೇ ಗೊತ್ತಿರಲಿಲ್ಲ. ಅಂಗೈಗೆ ಅಂಟಿದ್ದ ಹಿಟ್ಟು ಒರೆಸಿಕೊಂಡಳು. "ನಿಮ್ಮಜ್ಜಿ ಪಡಸಾಲೇಲಿ ಮಲಗಿರೋಳು. ಕಣ್ಣು ಮುಚ್ಚಿರೋಳು, ಕಿವಿ ತೆರ್ಕಂಡಿರೋಳು. ಒಳಗೆ ನಾನು ಪದ ಯೋಳ್ತಿದ್ರೆ ಬೀಸ್ತಾವ್ಳೆ ಅಂತ ಲೆಕ್ಕ. ನಿಂತ್ರೆ, 'ಯಾಕ್ ನಿಂತೋಯ್ತು?' ಅಂತ ಕೂಗೋಳು. ತಿರುಗ ಸುರು ಮಾಡ್ಬೇಕು."

"ಕಲ್ಲಿನ ಸದ್ದೇ ಕೇಳ್ಸಲ್ವಾ? ಪದ ಯಾಕೆ?" ಅಂದೆ.

"ತೂಕಡಿಸ್ಕಂಡೂ ಕಲ್ಲು ತಿರುಗಿಸ್ಬೋದು ಕಣೇ. ನಿದ್ದೇಲಿ ಪದ ಯೋಳಕ್ಕಾಯ್ತದಾ? ಅದೂ ಹುರಿಹಿಟ್ಟು ಬೀಸೋ ದಿನ ಎಲ್ಡರಷ್ಟು ಕಿವಿ. ಹುರಿದ ರಾಗಿ ಗಮ್ ಅಂತಿರ್ತದೆ, ಒಟ್ಟೆ ಅಸಿದಿರ್ತದೆ. ಬಾಯಲ್ಲಿ ಪದ ಇದ್ರೆ ಬಾಯಿಗೆ ಹಿಟ್ಟು ಓಗಲ್ವಲ್ಲ."

ಬೆಟ್ಟದ ಮೇಲೆ ಬಿಸಿಲು ಬಿದ್ದಿತ್ತು. ಹಸುವಿನ ಕೊರಳಿನ ಗಂಟೆ ಕೇಳುತ್ತಿತ್ತು. ಮೂವತ್ತು ವರ್ಷ ಹಾಜರಿ ಕೂಗಿದವಳು ನಾನು, ಆದರೂ ಅಷ್ಟು ದಿನ ನನಗೆ ತಿಳಿದಿರಲಿಲ್ಲ. ಆ ಪದ ಹಾಡೂ ಅಲ್ಲ, ಜೋಗುಳವೂ ಅಲ್ಲ. ದಿನಾ ಕೋಳಿ ಕೂಗುವ ಮೊದಲು ಅವ್ವ ಕೊಡುತ್ತಿದ್ದ ಹಾಜರಿ. ನಮ್ಮ ಕಡೆ ಅದನ್ನೇ ಜಾನಪದ ಸಂಪತ್ತು ಅಂತ ವೇದಿಕೆಯ ಮೇಲೆ ಹಾಡಿಸಿ ಶಾಲು ಹೊದಿಸುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳಿಗೆ ಮೊರ ಹಿಡಿಸಿ ಕುಣಿಸುತ್ತಾರೆ. ನನಗೆ ಬಂದ ಸಿಟ್ಟಿಗೆ ಆ ಹೂವಿನ ಕುಂಡಗಳನ್ನೆಲ್ಲ ಎತ್ತಿ ಒಡೆಯಬೇಕು ಅನ್ನಿಸಿತು.

ಬೆಂಚಿನ ಹಿಂದೆ ಅಣ್ಣ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಅಜ್ಜಿ ಅಂಥೋಳಲ್ಲವ್ವ," ಅಂದ. "ನಂಗೆ ದಿನಾ ತೊಡೆ ಮೇಲೆ ಕೂರ್ಸ್ಕೊಂಡು ಹುರಿಹಿಟ್ಟಿಗೆ ಬೆಲ್ಲ ಕಲ್ಸಿ ತಿನ್ನಿಸ್ತಿದ್ಲು."

"ನಿಂಗೆ ಅಂಥೋಳಲ್ಲಪ್ಪ," ಅಂದಳು ಅವ್ವ. ಅವಳ ದನಿಯಲ್ಲಿ ದೂರು ಇರಲಿಲ್ಲ. "ನೀನು ಹುಟ್ಟಿದ್ದೂ ಅಂಗೇ ಅಲ್ವಾ. ನೋವು ಬಂದಾಗ ಕಲ್ಲಿನ ಮುಂದೇನೇ ಇದ್ದೆ. ನೋವು ತಡೀಬೇಕು ಅಂದ್ರೆ ಅಲ್ಲು ಕಚ್ಚಬೇಕು. ಅಲ್ಲು ಕಚ್ಚಿದ್ರೆ ಪದ ನಿಲ್ತದೆ. ನಿಂತೋಯ್ತು. ಕೂಗಿದ್ಲು ನಿಮ್ಮಜ್ಜಿ. ತಿರುಗ ಯೋಳ್ದೆ. ಕಾಳು ಮುಗುದ್ ಮ್ಯಾಲೆ ಸೂಲಗಿತ್ತಿನ ಕರ್ಸಿದ್ರು."

ಅಣ್ಣ ಫೋನನ್ನು ಜೇಬಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ. ಅವನಿಗೆ ಅರ್ಥವಾಯಿತು ಅಂದುಕೊಂಡೆ. ಹೆತ್ತ ತಾಯಿಯ ಬಾಯಿಂದಲೇ ಕೇಳಿದ ಮೇಲೂ ಅರ್ಥವಾಗದೆ ಇರುತ್ತದಾ ಅಂತ ನನ್ನ ದಡ್ಡ ನಂಬಿಕೆ.

ಸರೋವರದ ದೋಣಿ

ಸಂಜೆ ಸರೋವರದ ಮೇಲೆ ದೋಣಿ ಸವಾರಿ. ನೀರು ಎಷ್ಟು ಹಸಿರಾಗಿತ್ತೆಂದರೆ ಅತ್ತಿಗೆ ಬಣ್ಣ ಹಾಕಿದ್ದಾರಾ ಅಂತ ಕೇಳಿದರು. ಅಣ್ಣ ನನ್ನನ್ನು ಒಂದು ಮೂಲೆಗೆ ಕರೆದ.

"ನೀನೇ ಅವ್ವನ ತಲೆ ತುಂಬಿರೋದು. ಬಂದಾಗ್ನಿಂದ ನೋಡ್ತಿದೀನಿ."

"ನಾನೇನ್ ತುಂಬ್ದೆ? ಅವಳ ಭುಜದಲ್ಲಿರೋದನ್ನ ಅವಳು ಹೇಳಿದ್ಲು."

"ಆಗ ಕಷ್ಟ ಎಲ್ಲಾರ್ಗೂ ಇತ್ತು ಕಣೇ. ಅದನ್ನೇ ಹಿಡ್ಕೊಂಡ್ ಕೂತ್ರೆ ಆಯ್ತಾ? ಒಳ್ಳೇದನ್ನ ಮಾತ್ರ ಇಟ್ಕೋಬೇಕಪ್ಪ. ವೀಕೆಂಡ್ ಖುಷಿಯಾಗಿ ಬರೋ ಜನಕ್ಕೆ ಈ ಕಥೆ ಎಲ್ಲ ಯಾಕೆ?"

"ಒಳ್ಳೇದು ನಿಂದು ಕಣೋ. ಕಷ್ಟ ಅವಳ್ದು. ನೀನು ನಿಂದನ್ನ ಮಾತ್ರ ಇಟ್ಕೊಳಕ್ಕೆ ಅವಳನ್ನ ಮತ್ತೆ ಕಲ್ಲಿಗೆ ಕೂರಿಸ್ತೀಯ," ಅಂದೆ. ನನ್ನ ದನಿ ಏರಿತ್ತು. ಪಕ್ಕದ ಮುದುಕರಿಬ್ಬರು ನಮ್ಮ ಕಡೆ ತಿರುಗಿದರು. ಈ ದೇಶದಲ್ಲಿ ಅಣ್ಣ ತಂಗಿ ನೆಟ್ಟಗೆ ಜಗಳ ಆಡುವಂತೆಯೂ ಇಲ್ಲ.

ಆಗ ಅವ್ವ, ಕೂತಲ್ಲಿಂದಲೇ, "ಮುನಿರಾಜ, ಬಾ ಇಲ್ಲಿ" ಅಂದಳು. "ನಾನು ಕೂತ್ಕತೀನಿ ಕಣಪ್ಪ, ನಿನ್ ಹಳ್ಳೀಲಿ."

ಅಣ್ಣನ ಮುಖ ಅರಳಿತು.

"ಆದ್ರೆ ಎಂಗಿತ್ತೋ ಅಂಗೇ ಮಾಡ್ಬೇಕು," ಅಂದಳು ಅವ್ವ. "ಬಂದಿರೋ ಗಂಡಸ್ರು ಮೊದ್ಲು ಉಣ್ಲಿ. ಹೆಂಗಸ್ರು ಬಾಗ್ಲ ಹಿಂದೆ ನಿಂತಿರ್ಲಿ. ಮಿಕ್ರೆ ಅವರ್ಗೆ, ಮಿಗ್ಲಿಲ್ಲ ಅಂದ್ರೆ ತಿಳಿ ಸಾರು. ಮುಟ್ಟಾಗಿರೋರ್ನ ಕೊಟ್ಟಿಗೇಲಿ ಕೂರ್ಸು, ಅದು ಕಾರಲ್ಲಿ ಬಂದಿರೋ ಹುಡ್ಗಿ ಆದ್ರೂ ಸೈ. ಬಾವಿ ತೋಡಿಸ್ತೀನಿ ಅಂದ್ಯಲ್ಲ, ಕೇರಿಯೋರು ಯಾರಾದ್ರೂ ಬಂದ್ರೆ ದೂರ ನಿಲ್ಸಿ ಮೇಲಿಂದ ನೀರು ಉಯ್ಯಿ. ಅಷ್ಟೂ ಮಾಡಿದ್ರೆ ನಾನೂ ಕೂತು ಪದ ಯೋಳ್ತೀನಿ. ನೀನು ಪಡಸಾಲೇಲಿ ಮಲಕ್ಕಂಡು ಕೇಳ್ಸ್ಕ."

"ಅದೆಲ್ಲ ಹೆಂಗವ್ವ ಆಗತ್ತೆ?" ಅಣ್ಣ ಅವಾಕ್ಕಾದ. "ಜೈಲಿಗೆ ಹಾಕ್ತಾರೆ."

"ಅಂಗಾರೆ ಬ್ಯಾಡ ಬಿಡು," ಅಂದು ಅವ್ವ ನೀರಿನ ಕಡೆ ತಿರುಗಿ ಕೂತಳು.

ಇಕ್ಬಾಲ್ ಸಾಹೇಬರು ಅವ್ವನಿಗೆ ಒಂದು ಕಿತ್ತಳೆ ಹಣ್ಣು ಸುಲಿದು ಕೊಟ್ಟರು. "ಅಮ್ಮಾ, ನೀವು ನಮ್ ಯಾರ್ಡಿಗೆ ಪ್ರೆಸಿಡೆಂಟ್ ಆಗ್ಬೇಕಿತ್ತು," ಅಂದರು. ಅಲ್ಲಿಂದ ವಾಪಸು ಬೆಂಗಳೂರಿನಲ್ಲಿ ಇಳಿಯುವವರೆಗೆ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಅತ್ತಿಗೆ ಮಾತ್ರ, ಹಿಮದಲ್ಲಿ ಫೋಟೋ ತೆಗೆಸಿಕೊಳ್ಳುವಾಗ, ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಸುಕಿದರು.

ಹುಣಸಮಾರನಹಳ್ಳಿ

ಪ್ರವಾಸ ಕಥನ ಮನೆ ಸೇರಿದ ಮೇಲೆ ಮುಗಿಯಬೇಕು. ನಮ್ಮದು ಮುಗಿಯಲಿಲ್ಲ. ಮಾರನೇ ವರ್ಷ ಯುಗಾದಿ ಕಳೆದ ಮೇಲೆ ಅಣ್ಣನ ಹಳ್ಳಿ ಶುರುವಾಯಿತು. ಹಿರಿಮಗ ಮನೆಗೇ ಬಂದು ಕುಂಕುಮ ಇಟ್ಟು ಕರೆದಾಗ ಅವ್ವ ಬರುವುದಿಲ್ಲ ಅನ್ನಲಿಲ್ಲ. "ಕೂತ್ಕಳಲ್ಲ, ಉಂಡು ಬತ್ತೀನಿ ಅಷ್ಟೆ" ಅಂದಳು.

ಬಾಗಿಲಲ್ಲಿ "ಹಿಂದಿನ ಕಾಲಕ್ಕೆ ಸುಸ್ವಾಗತ" ಅಂತ ಬೋರ್ಡು. ಹುಲ್ಲಿನ ಚಾವಣಿ, ಅದರ ಕೆಳಗೆ ಕಾಣದ ಹಾಗೆ ಶೀಟು. ಸಗಣಿ ಬಣ್ಣ ಬಳಿದ ಸಿಮೆಂಟು ನೆಲ. ಕಾರು ನಿಲ್ಲಿಸಿ ಬಂದ ಹುಡುಗ ಹುಡುಗಿಯರು ಮೊರ ಹಿಡಿದುಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮೇಲೆ ವಿಮಾನಗಳು ಹಾರುತ್ತಿದ್ದವು. ಜಗಲಿಯ ಮೇಲೆ ನಮ್ಮ ಮನೆಯ ಹಳೇ ರಾಗಿ ಕಲ್ಲು, ಸುತ್ತ ಚೆಂಡು ಹೂವಿನ ಹಾರ, ಹಿಂದೆ ಕೂರಲು ಒಂದು ಮಣೆ. ಯಾರು ಬೇಕಾದರೂ ಕೂತು ಫೋಟೋ ತೆಗೆಸಿಕೊಳ್ಳಬಹುದು.

ನಾವು ಜಗಲಿ ಹತ್ತಿರ ಹೋಗುತ್ತಿದ್ದ ಹಾಗೇ ಪದ ಕೇಳಿಸಿತು. ಯಾರೋ ಹಾಡುತ್ತಿದ್ದಾರೆ ಅಂದುಕೊಂಡೆ. ಒಡೆದ ದನಿ, ಹಿಂದೆ ಕಲ್ಲಿನ ಸದ್ದು. ಅವ್ವ ನನ್ನ ತೋಳು ಹಿಡಿದು ನಿಂತಳು.

"ಅದು ನಾನು ಅಲ್ವೇನೇ?"

ಹೌದು, ಅವಳೇ. ಬೆಟ್ಟದ ಮೇಲೆ ಅಣ್ಣ ಫೋನಿನಲ್ಲಿ ಹಿಡಿದದ್ದು. ತೋರಣದ ಹಿಂದೆ ಸ್ಪೀಕರು ಬಚ್ಚಿಟ್ಟಿದ್ದ. ನಾನು ಆ ಒಂದು ಜಾಗಕ್ಕೆ ಕಾದೆ, ಸಾಲಿನ ಮಧ್ಯದಲ್ಲಿ ಅವಳು ನಿಂತಿದ್ದಳಲ್ಲ, ಆ ಜಾಗಕ್ಕೆ. ಅದು ಬರಲೇ ಇಲ್ಲ. ಅಣ್ಣ ಅದನ್ನು ಕತ್ತರಿಸಿ ಹಾಕಿಸಿದ್ದ. ಮುಗಿಯುವ ಕಡೆಯನ್ನು ಶುರುವಾಗುವ ಕಡೆಗೆ ಅಂಟಿಸಿದ್ದ. ಪದ ಸುತ್ತಿ ಸುತ್ತಿ ಬರುತ್ತಿತ್ತು, ಎಲ್ಲೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಅವ್ವ ಕೂರುವುದಿಲ್ಲ ಅಂದರೇನಂತೆ, ಅವಳ ಹಾಜರಿ ಬಂದುಬಿಟ್ಟಿತ್ತು. ಇನ್ನು ಅವಳು ಸತ್ತ ಮೇಲೂ ಬೀಸುತ್ತಲೇ ಇರುತ್ತಾಳೆ. ಅಣ್ಣ ಎಲ್ಲಿ ಅಂತ ಹುಡುಕಿದೆ. ಅಡುಗೆ ಮನೆಯಲ್ಲಿ ಮುದ್ದೆ ಕಟ್ಟಿಸುತ್ತಿದ್ದ ದನಿ ಕೇಳುತ್ತಿತ್ತು.

ನಾನು ಆ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಅವ್ವ ನನ್ನ ತೋಳು ಬಿಟ್ಟಿದ್ದಳು. ತೋರಣದಿಂದ ಇಳಿದಿದ್ದ ಕರಿ ವೈರನ್ನು ಕಣ್ಣಲ್ಲೇ ಹಿಡಿದುಕೊಂಡು ಹೊರಟಳು. ಜಗಲಿ ಹತ್ತಿ, ರಾಗಿ ಕಲ್ಲನ್ನು ದಾಟಿ, ಕಂಬದ ಹಿಂದೆ ಬಗ್ಗಿದಳು. ಬಲಗೈಯಲ್ಲಿ ಎಳೆಯುವ ಬಲ ಇಲ್ಲವಲ್ಲ, ಎಡಗೈಯಿಂದ ಪ್ಲಗ್ಗು ಕಿತ್ತಳು.

ಸುತ್ತ ಒಮ್ಮೆಗೇ ಸುಮ್ಮನಾಯಿತು. ಮೊರ ಹಿಡಿದ ಹುಡುಗಿಯರು ತಿರುಗಿ ನೋಡಿದರು.

ಅಡುಗೆ ಮನೆಯೊಳಗಿಂದ ಅಣ್ಣ ಕೂಗಿದ. "ಯಾಕ್ ನಿಂತೋಯ್ತು?"

ಅದೇ ಮಾತು, ಅದೇ ರಾಗ. ಅಜ್ಜಿ ಸತ್ತು ಎಷ್ಟೋ ವರ್ಷವಾಗಿತ್ತು. ನಾನು ಅವ್ವನನ್ನು ನೋಡಿದೆ. ಈ ಸಲ ಅವಳು ಕುತ್ತಿಗೆ ಕುಗ್ಗಿಸಲಿಲ್ಲ. ಕೈಯಲ್ಲಿದ್ದ ಪ್ಲಗ್ಗನ್ನು ನಿಧಾನವಾಗಿ ರಾಗಿ ಕಲ್ಲಿನ ಮೇಲಿಟ್ಟು, ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಳು. ಆ ಪ್ರಶ್ನೆಗೆ ಅವಳು ಒಂದು ದಿನವೂ ಉತ್ತರ ಕೊಟ್ಟವಳಲ್ಲ.

"ಸುಸ್ತಾಯ್ತು ಕಣೋ," ಅಂದಳು, ಒಳಗಿನವರಿಗೆಲ್ಲ ಕೇಳಿಸುವ ಹಾಗೆ.